ಕೋಡಿ ಬೀಚಿನ ಆ ಅಣ್ಣನಿಗೆ ಥ್ಯಾಂಕ್ಸ್

ಮೊನ್ನೆ ಬೆಳಗ್ಗೆ ಕುಂದಾಪುರದ ಕೋಡಿ ಬೀಚಿನಲ್ಲಿ ಕಡಲಾಮೆಯನ್ನು ಬಿಡಿಸಿದ ಅಣ್ಣ, ನಿಮ್ಮ ಹೆಸರು ಗೊತ್ತಾಗಲಿಲ್ಲ. ಹರಿದ ನೈಲಾನ್ ಬಲೆ ಅದರ ಮುಂಗಾಲಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. "ಸ್ವಲ್ಪ ದೂರ ನಿಲ್ಲಿ ಮಾರ್ರೆ, ಅದಕ್ಕೆ ಹೆದರಿಕೆ ಆಗ್ತದೆ" ಎಂದು ಎಲ್ಲರನ್ನೂ ಸರಿಸಿದಿರಿ. ಚರ್ಮಕ್ಕೆ ತಾಗದ ಹಾಗೆ ಒಂದೊಂದೇ ಎಳೆ ಕತ್ತರಿಸಿದಿರಿ. ಎಷ್ಟು ತಾಳ್ಮೆ ನಿಮಗೆ!

ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ತಾವು ಹುಟ್ಟಿದ ತೀರದ ಕಡೆಗೇ ಮರಳುತ್ತವೆ. ಮರಿ ಹೊರಬರಲು ಸುಮಾರು 45ರಿಂದ 60 ದಿನ ಬೇಕು. ಅಲ್ಲಿಯವರೆಗೆ ಮರಳು ಚೊಕ್ಕವಾಗಿರಬೇಕು, ರಾತ್ರಿ ಜಾಸ್ತಿ ಬೆಳಕು ಇರಬಾರದು. ಮರವಂತೆಯ ಚಂದ ನೋಡಲು ಎಲ್ಲರೂ ಬರುತ್ತಾರೆ, ಆದರೆ ಈ ಕಡಲನ್ನು ಕಾಯುವವರು ನಿಮ್ಮಂಥವರೇ ಅಲ್ವಾ?

ಕತ್ತರಿಸಿದ ಬಲೆಯನ್ನೂ ಅಲ್ಲೇ ಬಿಡದೆ ಚೀಲಕ್ಕೆ ತುಂಬಿಕೊಂಡು ಹೋದಿರಿ. ಅದಕ್ಕಂತೂ ಇನ್ನೂ ದೊಡ್ಡ ಥ್ಯಾಂಕ್ಸ್ ಅಣ್ಣ.