ಲಕ್ಷದ್ವೀಪ ಎಂದರೆ ಬರೀ ಬೀಚ್ ಅಲ್ಲ

ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪ್ರವಾಸ ಪುಟದಲ್ಲಿ ಲಕ್ಷದ್ವೀಪದ ಬಗ್ಗೆ ಬಂದ ಬರಹ ಓದಿದೆ. ನೀಲಿ ನೀರು, ಹವಳ, ಸ್ಕೂಬಾ, ಎಲ್ಲಾ ಇತ್ತು. ಅಲ್ಲಿ ಬದುಕುವ ಜನರ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಬೇಸರವಾಯಿತು, ಅದಕ್ಕೇ ಈ ಪತ್ರ.

ಎರಡು ವರ್ಷದ ಹಿಂದೆ ರೊಬಸ್ಟಾ ಕಾಫಿ ಕೊಯ್ಲು ಮುಗಿಸಿ, ತೋಟಕ್ಕೆ ನೀರು ಹೊಡೆಸುವ ಕೆಲಸ ತಮ್ಮನಿಗೆ ಒಪ್ಪಿಸಿ, ನಾನು ಮತ್ತು ನನ್ನ ಹೆಂಡತಿ ಕೊಚ್ಚಿಯಲ್ಲಿ ಹಡಗು ಹತ್ತಿದೆವು. ಹಗಲು ದ್ವೀಪ, ರಾತ್ರಿ ಹಡಗು. ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡಿದೆವು. ಹವಳದ ದಿಬ್ಬ ಅಡ್ಡ ಇರುವುದರಿಂದ ಹಡಗು ದಡದ ತನಕ ಹೋಗುವುದಿಲ್ಲ, ನಡುನೀರಲ್ಲೇ ಸಣ್ಣ ದೋಣಿಗೆ ಇಳಿಸುತ್ತಾರೆ. ಗಿರಿ ತಪ್ಪಲಲ್ಲಿ ಬೆಳೆದ ನನಗೆ ಕಾಲು ನಡುಗಿತು.

ನನ್ನ ಮನಸ್ಸಲ್ಲಿ ಉಳಿದದ್ದು ಮಿನಿಕಾಯ್. ಉಳಿದ ದ್ವೀಪಗಳಲ್ಲಿ ಮಲಯಾಳಕ್ಕೆ ಹತ್ತಿರದ ಜೆಸರಿ ಮಾತಾಡುತ್ತಾರೆ. ಇಲ್ಲಿನದು ಮಹಲ್, ಮಾಲ್ಡೀವ್ಸ್ ಕಡೆಯ ಮಾತು, ಬರೆಯುವುದು ಬಲದಿಂದ ಎಡಕ್ಕೆ. ಗಂಡಸರು ತುಂಬಾ ಮಂದಿ ದೂರದೇಶದ ಹಡಗುಗಳಲ್ಲಿ ನಾವಿಕರು. ಊರಲ್ಲಿರುವವರು ಟ್ಯೂನಾ ಹಿಡಿಯುವುದನ್ನು ಕೇಳಿ: ಬಲೆಯಿಂದಲ್ಲ, ಒಂದೊಂದೇ ಮೀನನ್ನು ಗಾಳದ ಕೋಲಿನಿಂದ. ಮೊದಲು ಹತ್ತಿರದ ತಿಳಿನೀರಲ್ಲಿ ಸಣ್ಣ ಮೀನು ಹಿಡಿದು ಜೀವಂತ ಇಟ್ಟುಕೊಳ್ಳುತ್ತಾರೆ, ಆಳಕ್ಕೆ ಹೋಗಿ ಅದನ್ನು ಎರಚುತ್ತಾರೆ, ಟ್ಯೂನಾ ಹಿಂಡು ಮೇಲೆದ್ದು ಬಂದಾಗ ಸಾಲಾಗಿ ನಿಂತವರು ಎಳೆದು ಹಾಕುತ್ತಾ ಹೋಗುತ್ತಾರೆ. ಆ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಬಿಸಿಲಲ್ಲಿ ಒಣಗಿಸಿದರೆ ಕಟ್ಟಿಗೆ ತುಂಡಿನಷ್ಟು ಗಟ್ಟಿಯಾದ ಮಾಸ್ ಆಗುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಹವಳ ಸತ್ತರೆ ಆ ಸಣ್ಣ ಮೀನಿಗೆ ನೆಲೆಯಿಲ್ಲ, ಅದಿಲ್ಲದಿದ್ದರೆ ಟ್ಯೂನಾ ಇಲ್ಲ. 1998ರಲ್ಲಿ, 2010ರಲ್ಲಿ, 2016ರಲ್ಲಿ ಸಮುದ್ರ ಬಿಸಿಯೇರಿ ಅಲ್ಲಿನ ಹವಳ ಬೆಳ್ಳಗಾಗಿ, ಎಷ್ಟೋ ಸತ್ತಿತ್ತು. ಅದರ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುವುದು ಒಬ್ಬರ ಅನ್ನ ತುಳಿದ ಹಾಗೆ.

ಇನ್ನೊಂದು ವಿಷಯ. ದ್ವೀಪದವರು ಮುಸ್ಲಿಮರು, ಆದರೆ ಮನೆತನದ ಆಸ್ತಿ ತಾಯಿಯ ಕಡೆಯಿಂದ ಬರುವ ಪದ್ಧತಿ ಅವರಲ್ಲಿದೆ. ಕರಾವಳಿಯ ಅಳಿಯಕಟ್ಟು ಗೊತ್ತಿರುವ ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ ಅಲ್ವಾ? ನಮಗೂ ಅವರಿಗೂ ಹಳೆಯ ನಂಟಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಈ ದ್ವೀಪಗಳೆಲ್ಲ 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು! ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಜಲ್ಲಿ, ಮರಳು ಮಂಜಿ ಎಂಬ ಸರಕು ದೋಣಿಗಳಲ್ಲಿ ಅಲ್ಲಿಗೆ ಹೋಗುತ್ತದೆ. ನಿಮ್ಮ ಬರಹದಲ್ಲಿ ಮಾಲ್ಡೀವ್ಸ್ ಜೊತೆ ಹೋಲಿಕೆ ಇತ್ತು, ಮಂಗಳೂರಿನ ಹೆಸರೇ ಇರಲಿಲ್ಲ.

ನೀರಿನ ಮಾತನ್ನೂ ಹೇಳಬೇಕು. ಎಲ್ಲಾ ದ್ವೀಪ ಸೇರಿದರೂ 32 ಚದರ ಕಿಲೋಮೀಟರ್, ಜನ ಇರುವುದು ಹತ್ತರಲ್ಲಿ ಮಾತ್ರ. ಮಳೆನೀರು ಮರಳಲ್ಲಿ ಇಂಗಿ, ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ. ಜಾಸ್ತಿ ಎಳೆದರೆ ಬಾವಿಗೆ ಉಪ್ಪು ಬರುತ್ತದೆ. ಕವರತ್ತಿಯಲ್ಲಿ 2005ರಿಂದ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕ ಇದೆ, ಅದರ ಲೆಕ್ಕ ದಿನಕ್ಕೆ ಒಂದು ಲಕ್ಷ ಲೀಟರ್. ಅಂಥ ಕಡೆ ಹೋಗಿ ಷವರ್ ಕೆಳಗೆ ಅರ್ಧ ಗಂಟೆ ನಿಲ್ಲುವುದು ಸರಿಯಾ?

ಗಿರಿ ಕಡೆಯವನಾಗಿ ಇಷ್ಟು ಕಾಳಜಿಯಿಂದ ಬರೆಯಲು ಕಾರಣ ಇದೆ. 2022ರಲ್ಲಿ ನಮ್ಮ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ನೀಲಕುರಿಂಜಿ ಹೂವು ಅರಳಿದಾಗ ಬಂದ ಜನ, ನಿಂತ ವಾಹನ, ಕಿತ್ತು ಬಿಸಾಡಿದ ಹೂವು, ಎಲ್ಲವನ್ನೂ ನೋಡಿದವರು ನಾವು. ಮುಳ್ಳಯ್ಯನಗಿರಿ ರಸ್ತೆಯಲ್ಲಿ ವಾರಾಂತ್ಯಕ್ಕೆ ಏನಾಗುತ್ತದೆಂದು ಇಲ್ಲಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮೂರಿಗೆ ಬರುವವರು ನಮ್ಮನ್ನು ಒಂದು ಮಾತೂ ಆಡಿಸದೆ ಹೋಗುತ್ತಾರೆ ಎಂದು ಬೇಸರಪಡುವ ನಾವೇ ಇನ್ನೊಬ್ಬರ ಊರಲ್ಲಿ ಹಾಗೆ ಮಾಡಬಾರದು. ಹೊರಗಿನವರು ಅಲ್ಲಿಗೆ ಹೋಗಲು ಪರವಾನಗಿ ಬೇಕು ಎಂದು ಹಲವರು ಗೊಣಗುತ್ತಾರೆ. ನನಗಂತೂ ಅದು ಸರಿಯೇ ಅನ್ನಿಸಿತು.

ಮುಂದಿನ ಸಲ ಈ ಪುಟಕ್ಕೆ ದ್ವೀಪದವರೊಬ್ಬರಿಂದಲೇ ಬರೆಸಿ. ಮಂಗಳೂರಿನ ಬಂದರಿಗೆ ಅವರು ಬರುತ್ತಲೇ ಇರುತ್ತಾರೆ, ಅಲ್ಲಿಗೆ ನಿಮ್ಮ ವರದಿಗಾರರನ್ನು ಒಂದು ದಿನ ಕಳುಹಿಸಿದರೂ ಸಾಕು.

ನಿಮ್ಮ ಓದುಗ,
ಆಲ್ದೂರು, ಚಿಕ್ಕಮಗಳೂರು ಜಿಲ್ಲೆ