ಮನೆಯೂ ಹೌದು, ಮನೆಯವರೂ ಹೌದು

ಪ್ರೀತಿಯ ತಂಗಿಗೆ,

ನೀನು ಕಳುಹಿಸಿದ ವಿಯೆಟ್ನಾಂ ಕಥೆಗಳ ಅನುವಾದ ಓದಿದೆ. ಭಾಷೆ ಹದವಾಗಿದೆ, ಸಂಭಾಷಣೆ ಓಡುತ್ತದೆ. ಒಂದೇ ಒಂದು ಪದದ ಬಗ್ಗೆ ನಿನ್ನೊಡನೆ ಜಗಳವಿದೆ: ‘ಞಾ’.

ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತ ಞಕಾರ ಅಲ್ಲಿ ಪದದ ಮೊದಲಲ್ಲೇ ಬರುತ್ತದೆ. ಸ್ವರವನ್ನು ಕೆಳಗಿಳಿಸಿ ಹೇಳಿದರೆ ‘ಮನೆ’. ಏರಿಳಿತ ಬದಲಾದರೆ ‘ಉಗುಳು’ ಎಂದೋ ‘ನಯವಂತಿಕೆ’ ಎಂದೋ ಆಗಿಬಿಡುತ್ತದೆ. ನಿಘಂಟು ಕೊಟ್ಟ ‘ಮನೆ’ಯನ್ನೇ ನೀನು ಎಲ್ಲೆಡೆಯೂ ಇಟ್ಟಿದ್ದೀಯೆ. ತೊಡಕು ಅಲ್ಲೇ ಇದೆ.

ಹನೋಯ್‌ನ ಚಹದಂಗಡಿಯಲ್ಲಿ ಮುದುಕ ‘ಞಾ ತೋಯ್ ಬಿ ಓಮ್’ ಎನ್ನುತ್ತಾನೆ. ನೀನು ‘ನನ್ನ ಮನೆಯಲ್ಲಿ ಕಾಯಿಲೆ’ ಎಂದು ಬರೆದಿದ್ದೀಯೆ. ತೋಯ್ ಎಂದರೆ ನಾನು. ಆದರೆ ‘ಞಾ ತೋಯ್’ ಎಂದಾಗ ಅವನು ಹೇಳುತ್ತಿರುವುದು ಹೆಂಡತಿಯ ಸುದ್ದಿ. ಇದಕ್ಕೆ ಕನ್ನಡದಲ್ಲಿ ಹುಡುಕಾಡಬೇಕೆ? ಗಂಡನ ಹೆಸರು ಹಿಡಿಯದ ನಮ್ಮ ಅಜ್ಜಿಯರು ‘ನಮ್ಮ ಮನೆಯವರು’ ಎಂದೇ ಬಾಳು ಕಳೆದರು. ‘ನಮ್ಮ ಮನೆಯವರಿಗೆ ಹುಷಾರಿಲ್ಲ’ ಎಂದು ಬರೆ, ಮುದುಕ ಉಸಿರಾಡತೊಡಗುತ್ತಾನೆ. ‘ಹೆಂಡತಿ’ ಎಂದು ಬಿಡಿಸಿ ಹೇಳಬೇಡ. ‘ಞಾ ತೋಯ್’ ಗಂಡನಿಗೂ ಸಲ್ಲುತ್ತದೆ, ಹೆಂಡತಿಗೂ ಸಲ್ಲುತ್ತದೆ. ಯಾರೆಂದು ಸ್ಪಷ್ಟಪಡಿಸಬೇಕಾದಾಗ ಅವರೇ ಮುಂದೆ ಗಂಡಸಿಗೆ ‘ಓಂಗ್’ ಅಥವಾ ಹೆಂಗಸಿಗೆ ‘ಬಾ’ ಸೇರಿಸಿಕೊಳ್ಳುತ್ತಾರೆ. ಆಡುವವನು ಮುದುಕನೆಂದು ಓದುಗರಿಗೆ ಗೊತ್ತಿದೆ, ಅಷ್ಟು ಸಾಕು. ಆ ಮರೆಯಲ್ಲಿ ಸಂಕೋಚವೂ ಅಕ್ಕರೆಯೂ ಇವೆ. ಅದನ್ನು ಕಳೆಯಬಾರದು.

ಞಾ ಬೆಪ್ ಅಡುಗೆಮನೆ, ಞಾ ತಮ್ ಬಚ್ಚಲುಮನೆ, ಞಾ ತೂ ಸೆರೆಮನೆ. ಇಲ್ಲೆಲ್ಲ ಕನ್ನಡ ಕೈಹಿಡಿದು ನಡೆಸುತ್ತದೆ. 1225ರಿಂದ 1400ರವರೆಗೆ ಆಳಿದ, ಮಂಗೋಲರ ದಂಡನ್ನು ಮೂರು ಬಾರಿ ಹಿಮ್ಮೆಟ್ಟಿಸಿದ ‘ಞಾ ತ್ರನ್’ ಕೂಡ ಕಟ್ಟಡವಲ್ಲ, ತ್ರನ್ ರಾಜಮನೆತನ. ರೈಲು ನಿಲ್ದಾಣ ‘ಞಾ ಗಾ’. ಆ ‘ಗಾ’ ಫ್ರೆಂಚರು ಬಿಟ್ಟುಹೋದದ್ದು.

ಕನ್ನಡ ಕೈಬಿಡುವ ಕಡೆ ನೀನು ಎಚ್ಚರವಾಗಿರಬೇಕು. ಲೇಖಕ ‘ಞಾ ವನ್’, ಪತ್ರಕರ್ತ ‘ಞಾ ಬಾವ್’, ವಿಜ್ಞಾನಿ ‘ಞಾ ಖ್ವಾ ಹೊಕ್’. ಬಡಗಿಗೂ ದರ್ಜಿಗೂ ಈ ‘ಞಾ’ ಸಿಗುವುದಿಲ್ಲ, ಅವರದು ‘ಥ’ ಎಂದು ಆರಂಭವಾಗುವ ಬೇರೆ ಸಾಲು. ಓದು, ಕಲೆಗಳಲ್ಲಿ ನುರಿತವರಿಗೆ ಒಂದು ಪದ, ಕೈಕೆಲಸದವರಿಗೆ ಇನ್ನೊಂದು. ನಿನ್ನ ಮೂರನೆಯ ಕಥೆಯ ಹುಡುಗ ತನ್ನನ್ನು ‘ಞಾ ವನ್’ ಎನ್ನದೆ ‘ಬರೆಯುವವನು’ ಎನ್ನುತ್ತಾನಲ್ಲ, ಅಲ್ಲಿ ಅವನ ವಿನಯವಿದೆ. ನೀನು ಎರಡನ್ನೂ ‘ಲೇಖಕ’ ಮಾಡಿ ಆ ವಿನಯವನ್ನೇ ಅಳಿಸಿದ್ದೀಯೆ.

ಇನ್ನು ‘ಞಾ ನುಅಕ್’. ನುಅಕ್ ಎಂದರೆ ನೀರು, ನಾಡು ಎಂದೂ ಅರ್ಥ. ಎರಡು ಸೇರಿ ‘ಪ್ರಭುತ್ವ’. ‘ಅಕ್ಷರಶಃ ನೀರಿನ ಮನೆ’ ಎಂಬ ನಿನ್ನ ಅಡಿಟಿಪ್ಪಣಿಯನ್ನು ದಯವಿಟ್ಟು ತೆಗೆದುಹಾಕು. ಸೆರೆಮನೆ ಎಂದಾಗ ನಮ್ಮ ಕಣ್ಣಮುಂದೆ ತುಳಸಿಕಟ್ಟೆ ಬರುತ್ತದೆಯೇ? ಅವರಿಗೂ ಅಲ್ಲಿ ನೀರು ಕಾಣುವುದಿಲ್ಲ. ನಿತ್ಯದ ಮಾತನ್ನು ವಿಚಿತ್ರವೆಂಬಂತೆ ಎತ್ತಿ ತೋರಿಸಿದರೆ ಆ ಜನರೇ ನಮಗೆ ದೂರವಾಗುತ್ತಾರೆ. ನನಗೆ ಇದು ಸಣ್ಣ ವಿಷಯವಲ್ಲ.

ಪದವನ್ನು ಒಂಟಿಯಾಗಿ ನಿಲ್ಲಿಸಿ ಅರ್ಥ ಕೇಳಬೇಡ. ಅದರ ಹಿಂದೆಮುಂದೆ ಯಾರಿದ್ದಾರೆ, ಯಾರು ಯಾರಿಗೆ ಆಡುತ್ತಿದ್ದಾರೆ ಎಂದು ಮೊದಲು ನೋಡು. ಆಮೇಲೆ ಸಾಲನ್ನು ಗಟ್ಟಿಯಾಗಿ ಓದಿ, ಹಾಗೆ ಮಾತಾಡುವ ಒಬ್ಬ ಕನ್ನಡಿಗನಾದರೂ ನೆನಪಿಗೆ ಬರುತ್ತಾನೆಯೇ ಎಂದು ಕೇಳಿಕೊ.

ಕೊನೆಯ ಕಥೆಯಲ್ಲಿ ತಾಯಿ ಮಕ್ಕಳನ್ನು ಊಟಕ್ಕೆ ಕರೆಯುವಾಗ ‘ಞಾ ಮಿಞ್’ ಎನ್ನುತ್ತಾಳೆ. ‘ನಮ್ಮ ಮನೆ’ ಎಂದು ಬರೆದದ್ದು ಅಲ್ಲಿ ಹೊಂದುವುದಿಲ್ಲ. ಕೇಳುವವರನ್ನೂ ಒಳಗೊಂಡ ‘ನಾವೆಲ್ಲ’ ಅದು. ‘ಎಲ್ಲರೂ ಊಟ ಮಾಡೋಣ ಬನ್ನಿ’ ಎಂದು ತಿದ್ದಿ, ಉಳಿದ ಎರಡು ಕಥೆಗಳ ಜೊತೆಗೇ ಕಳುಹಿಸು.

ನಿನ್ನ
ಅಕ್ಕ