ತರಕಾರಿ ಗಾಡಿ ವಿಷಯ, ದಯವಿಟ್ಟು ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ. ತರಕಾರಿ ತಳ್ಳುಗಾಡಿಗಳಿಂದ ರಸ್ತೆ ಕಟ್ಟಿಕೊಳ್ಳುತ್ತದೆ, ಅವರನ್ನು ನಮ್ಮ ಬಡಾವಣೆಯಿಂದ ಓಡಿಸಬೇಕು ಅಂತ ಈ ಗುಂಪಿನಲ್ಲಿ ಕೆಲವರು ಬರೆದಿದ್ದೀರಿ. ನನಗೆ ಒಪ್ಪಿಗೆ ಇಲ್ಲ.

ನಮ್ಮ ಮೈಸೂರಿನಲ್ಲಿ ಸರಸ್ವತಿಪುರಂ, ಕುವೆಂಪುನಗರದವರಿಗೆ ನಡೆದು ಹೋಗುವ ದೂರದಲ್ಲೇ ದಿನಸಿ, ಹಣ್ಣು, ಸೊಪ್ಪು ಎಲ್ಲಾ ಸಿಗುತ್ತದೆ. ರಿಂಗ್ ರೋಡ್ ಆಚೆ ಇರುವ ನಮಗೆ? ಸ್ಕೂಟರ್, ಕಾರು ಇದ್ದವರು ಸರಿ, ಇಲ್ಲದವರು ಬಸ್ಸು ಹಿಡಿದು ದೇವರಾಜ ಮಾರುಕಟ್ಟೆಗೋ ಎಂ.ಜಿ. ರಸ್ತೆಗೋ ಹೋಗಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ, ಒಳ್ಳೆಯದೇ, ಆದರೆ ಎರಡೂ ಕೈಯಲ್ಲಿ ಚೀಲ ಹಿಡಿದು ರಶ್ ಬಸ್ಸಿನಲ್ಲಿ ನಿಂತು ಬಂದು ಆಮೇಲೆ ಸ್ಟಾಪಿನಿಂದ ಮನೆವರೆಗೆ ನಡೆಯುವ ಕಷ್ಟಕ್ಕೆ ಯಾವ ಯೋಜನೆಯೂ ಇಲ್ಲ ಅಲ್ವಾ? ರೇಷನ್ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ, ಟೊಮೆಟೊ ಸಿಗುವುದಿಲ್ಲ. ಮೂಲೆ ಅಂಗಡಿಯಲ್ಲಿ ಬಿಸ್ಕತ್ತು, ಚಿಪ್ಸ್ ಜಾಸ್ತಿ, ತರಕಾರಿ ಬಾಡಿರುತ್ತದೆ, ರೇಟೂ ಜಾಸ್ತಿ. ದಿನಗೂಲಿಯವರು ಒಂದೇ ಸಲ ತಿಂಗಳ ಸಾಮಾನು ತರಲು ಆಗುವುದಿಲ್ಲ, ಕಾಲು ಕೆಜಿ ಲೆಕ್ಕದಲ್ಲೇ ಕೊಳ್ಳುತ್ತಾರೆ. ಅದಕ್ಕೇ ನಮಗೆ ತಳ್ಳುಗಾಡಿ ಬೇಕು.

ಇನ್ನೊಂದು ಮಾತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸುವಂತಿಲ್ಲ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲೂ ಕನಿಷ್ಠ ಶೇ. 40 ಮಂದಿ ವ್ಯಾಪಾರಿಗಳೇ ಇರಬೇಕು. ಸುಮ್ನೆ ಜಗಳ ಮಾಡಿದರೆ ನಾವೇ ತಪ್ಪಿತಸ್ಥರಾಗುತ್ತೇವೆ.

ರಸ್ತೆ ಕಟ್ಟಿಕೊಳ್ಳುತ್ತದೆ ಅನ್ನೋ ದೂರು ನಿಜ. ಅದಕ್ಕೆ ಪಾರ್ಕಿನ ಪಕ್ಕ ಜಾಗ ಗುರುತಿಸಿ ಕೊಡಿ ಅಂತ ಪಾಲಿಕೆಗೂ, ಒಂದು ಮಳಿಗೆ ಹಾಕಿ ಅಂತ ಹಣ್ಣು-ತರಕಾರಿ ಬೆಳೆಗಾರರ ಸಹಕಾರ ಸಂಘ ಹಾಪ್‌ಕಾಮ್ಸ್‌ಗೂ ಅರ್ಜಿ ಬರೆದಿದ್ದೇನೆ. ಭಾನುವಾರ ಬೆಳಿಗ್ಗೆ ಪಾರ್ಕಿನ ಗೇಟ್ ಹತ್ತಿರ ಇರುತ್ತೇನೆ, ಬಂದು ಸಹಿ ಹಾಕಿ. ಈ ಗುಂಪಿನಲ್ಲಿ ಇಲ್ಲದ ಪಕ್ಕದ ಬೀದಿಯವರನ್ನೂ ಕರೆದುಕೊಂಡು ಬನ್ನಿ.